ಮೂರು ಹಳೇ ಸರ್ವರ್ ಮೇಲೆ ಓಪನ್‌ಸ್ಟ್ಯಾಕ್: ವಿಎಂ ‘ಆ್ಯಕ್ಟಿವ್’ ಅನ್ನುತ್ತೆ, ಕೆಲಸಕ್ಕೆ ಬರಲ್ಲ

ತುಂಗಾತೀರ, ಶಿವಮೊಗ್ಗ

ನಮಸ್ಕಾರ. ಇಲ್ಲಿನ ಒಂದು ಕಾಲೇಜು ಲ್ಯಾಬಿಗೆ ಓಪನ್‌ಸ್ಟ್ಯಾಕ್ (ಸ್ವಂತ ಸರ್ವರ್‌ಗಳನ್ನು ಕ್ಲೌಡ್ ಮಾಡೋ ಸಾಫ್ಟ್‌ವೇರ್) ಹಾಕಿ ಪ್ರೈವೇಟ್ ಕ್ಲೌಡ್ ಕಟ್ಟುತ್ತಿದ್ದೇವೆ. 40 ವಿದ್ಯಾರ್ಥಿಗಳು, ತಲಾ ಒಂದು ಲಿನಕ್ಸ್ ವಿಎಂ (ವರ್ಚುವಲ್ ಮಷೀನ್). ಅವರೇ ಲಾಗಿನ್ ಆಗಿ ವಿಎಂ ಹುಟ್ಟಿಸಬೇಕು, ಅಳಿಸಬೇಕು.

ಇರೋ ಸಾಮಾನು: ಎರಡು ಸರ್ವರ್‌ಗಳಲ್ಲಿ ಜೋಡಿ ಕ್ಸಿಯಾನ್ ಇ5-2650 ವಿ2, ಮೂರನೆಯದರಲ್ಲಿ ಜೋಡಿ ಇ5-2650 ವಿ3. ಮೂರಕ್ಕೂ 64 ಜಿಬಿ ರ‍್ಯಾಮ್, 480 ಜಿಬಿಯ ಎರಡು ಎಸ್‌ಎಸ್‌ಡಿ ರೇಡ್ 1ರಲ್ಲಿ, 1 ಗಿಗಾಬಿಟ್‌ನ ಎರಡು ಪೋರ್ಟ್. ಉಬುಂಟು 22.04, ಅದರ ಮೇಲೆ ಕೊಲ್ಲಾ-ಆನ್ಸಿಬಲ್ (ಓಪನ್‌ಸ್ಟ್ಯಾಕ್ ಹಾಕಿಕೊಡೋ ಸಾಧನ) ಬಳಸಿ ಓಪನ್‌ಸ್ಟ್ಯಾಕ್ 2024.1. ಮೂರೂ ಕಂಟ್ರೋಲರ್ (ಕ್ಲೌಡ್ ನಡೆಸೋದು), ಮೂರೂ ಕಂಪ್ಯೂಟ್ (ವಿಎಂ ಓಡಿಸೋದು). ನೆಟ್‌ವರ್ಕ್‌ಗೆ ಡೀಫಾಲ್ಟ್ ಓಪನ್ ವಿ-ಸ್ವಿಚ್.

ತಾಪತ್ರಯಗಳು:

ಮೂರನೇ ಸರ್ವರ್‌ನಲ್ಲಿ ಕೆವಿಎಂ (ಸಿಪಿಯು ನೆರವಿನಿಂದ ವಿಎಂ ಓಡಿಸೋ ಕರ್ನಲ್ ಸೌಲಭ್ಯ) ಬರಲೇ ಇಲ್ಲ. ಅದಕ್ಕೆ ಕೊಲ್ಲಾದ ಸೆಟ್ಟಿಂಗ್ ಬರೆಯೋ ಗ್ಲೋಬಲ್ಸ್ ಫೈಲ್‌ನಲ್ಲಿ ವರ್ಟ್ ಟೈಪ್ ಅನ್ನು ಕ್ಯೂಇಎಂಯು ಮಾಡಿದೆ. ಆಮೇಲೆ ಸಿರ್‌ಓಎಸ್ (ಪರೀಕ್ಷೆಗೆ ಬಳಸೋ ಪುಟ್ಟ ಲಿನಕ್ಸ್) ಏಳುತ್ತೆ, ಉಬುಂಟು ತೆವಳಿಕೊಂಡು ಏಳುತ್ತೆ, ಆಲ್ಮಾಲಿನಕ್ಸ್ 9 ಏಳೋದೇ ಇಲ್ಲ. ಹೊರೈಜನ್‌ನಲ್ಲಿ (ಓಪನ್‌ಸ್ಟ್ಯಾಕ್‌ನ ವೆಬ್ ಪುಟ) ಮಾತ್ರ ಎಲ್ಲವೂ ಆ್ಯಕ್ಟಿವ್.

ಐಪಿ ಬದಲಾಗಬಾರದು ಅಂತ ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ (ಐಪಿ ತಾನಾಗೇ ಹಂಚೋ ವ್ಯವಸ್ಥೆ) ಆಫ್ ಮಾಡಿ, ವಿಎಂ ಒಳಗೆ ಕೈಯಾರೆ ಐಪಿ ಕೊಟ್ಟಿದ್ದೇನೆ. ಕೀ ಹಾಕಿ ಎಸ್‌ಎಸ್‌ಎಚ್ ಮಾಡಿದರೆ ‘ಪರ್ಮಿಷನ್ ಡಿನೈಡ್’. ಇಮೇಜ್‌ಗೆ ಪಾಸ್‌ವರ್ಡ್ ಹಾಕಿಟ್ಟುಕೊಂಡು ಒಳಗೆ ಹೋದರೂ ದೊಡ್ಡ ಲಾಗ್ ಫೈಲ್ ತೆರೆದ ಕೂಡಲೇ ಪರದೆ ನಿಂತುಬಿಡುತ್ತೆ. ಪಿಂಗ್ ಮಾತ್ರ ಹೋಗ್ತಲೇ ಇರುತ್ತೆ.

ಎಂ1.ಮೀಡಿಯಂ ಫ್ಲೇವರ್‌ನಲ್ಲಿ (ವಿಎಂನ ಅಳತೆ) ಆರು ವಿಎಂ ಆಗುತ್ತೆ, ಏಳನೆಯದಕ್ಕೆ ‘ನೋ ವ್ಯಾಲಿಡ್ ಹೋಸ್ಟ್’. ರ‍್ಯಾಮ್ ಬೇಕಾದಷ್ಟಿದೆ!

ಇಷ್ಟರ ಮೇಲೆ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದರೆ ಇಡೀ ಕ್ಲೌಡ್ ಏಳಲ್ಲ.

ಎಲ್ಲಿಂದ ಶುರು ಮಾಡಲಿ? ವಿದ್ಯಾರ್ಥಿಗಳ ಕೈಗೆ ಕೊಡೋ ಮೊದಲು ಏನೇನು ಪರೀಕ್ಷೆ ಮಾಡಬೇಕು?

---

ಜೋಗದಹಾದಿ, ಸಾಗರ

ಮೊದಲು ಕ್ಯೂಇಎಂಯು ಸಾಲನ್ನು ತೆಗೀರಿ ಮಾರಾಯ್ರೆ. ಕೆವಿಎಂ ಇಲ್ಲದೆ ಬರೀ ಕ್ಯೂಇಎಂಯುನಲ್ಲಿ ಓಡಿಸೋದು ಅಂದ್ರೆ ವಿಎಂನ ಪ್ರತಿಯೊಂದು ಸೂಚನೆಯನ್ನೂ ಸಾಫ್ಟ್‌ವೇರ್‌ನಲ್ಲಿ ಅನುವಾದಿಸಿ ನಡೆಸೋದು. ಅದರ ಮೇಲೆ ಅಳೆದ ಯಾವ ವೇಗಕ್ಕೂ ಬೆಲೆ ಇಲ್ಲ. ಒಂದು ಸರ್ವರ್‌ನ ಕಾಯಿಲೆಗೆ ಮೂರಕ್ಕೂ ಔಷಧಿ ಕುಡಿಸಿದ ಹಾಗಾಗಿದೆ.

ಮೂರನೇ ಸರ್ವರ್‌ನಲ್ಲಿ ಡಿಮೆಸೇಜ್ (ಕರ್ನಲ್ ಲಾಗ್) ನೋಡಿ. ‘ಕೆವಿಎಂ: ಡಿಸೇಬಲ್ಡ್ ಬೈ ಬಯಾಸ್’ ಅಂತ ಇರುತ್ತೆ ನೋಡಿ, ಹೆಚ್ಚುಕಮ್ಮಿ ಖಚಿತ. ಹಳೇ ಸರ್ವರ್‌ಗಳ ಬಯಾಸ್ ರೀಸೆಟ್ ಆದಾಗ ಪ್ರೊಸೆಸರ್ ಸೆಟ್ಟಿಂಗ್ಸ್ ಒಳಗಿನ ವರ್ಚುವಲೈಸೇಶನ್ ಟೆಕ್ನಾಲಜಿ ಆಫ್ ಆಗಿಬಿಡುತ್ತೆ. ಆನ್ ಮಾಡಿ ಸೇವ್ ಮಾಡಿದ ಮೇಲೆ ಬರೀ ರೀಬೂಟ್ ಕೆಲವೊಮ್ಮೆ ಸಾಲದು. ಪೂರ್ತಿ ಪವರ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಆಮೇಲೆ ಡೆವ್ ಫೋಲ್ಡರಲ್ಲಿ ಕೆವಿಎಂ ಅನ್ನೋ ಹೆಸರು ಕಾಣಬೇಕು. ಕಂಡರೆ ಗ್ಲೋಬಲ್ಸ್‌ನಲ್ಲಿ ವರ್ಟ್ ಟೈಪ್ ಕೆವಿಎಂ ಮಾಡಿ, ರೀಕಾನ್ಫಿಗರ್ ಓಡಿಸಿ.

ಆಲ್ಮಾ 9ರ ಕಥೆಯೂ ಇದೇ. ಹೊರೈಜನ್ ಬಿಟ್ಟು ‘ಓಪನ್‌ಸ್ಟ್ಯಾಕ್ ಕನ್ಸೋಲ್ ಲಾಗ್ ಶೋ’ ಕೊಟ್ಟು ನೋಡಿ. ಜಿಲಿಬ್‌ಸಿಯಿಂದ ‘ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2’ ಅನ್ನೋ ಸಾಲು, ಅದರ ಬೆನ್ನಿಗೇ ಕರ್ನಲ್ ಪ್ಯಾನಿಕ್. ರೆಡ್‌ಹ್ಯಾಟ್ 9ರ ಕುಟುಂಬಕ್ಕೆ ಎಕ್ಸ್86-64-ವಿ2 ಮಟ್ಟದ ಸಿಪಿಯು ಬೇಕೇ ಬೇಕು (ಇದು ಸಿಪಿಯು ಸೂಚನೆಗಳ ಮಟ್ಟ, ಕ್ಸಿಯಾನ್ ಹೆಸರಿನ ವಿ2 ಅಲ್ಲ). ಕ್ಯೂಇಎಂಯು ಮೋಡ್‌ನಲ್ಲಿ ನೋವಾ (ವಿಎಂ ನಡೆಸೋ ಓಪನ್‌ಸ್ಟ್ಯಾಕ್ ಭಾಗ) ವಿಎಂಗೆ ತೋರಿಸೋ ಸಿಪಿಯು ‘ಕ್ಯೂಇಎಂಯು64’, ಅದು ಆ ಮಟ್ಟ ಮುಟ್ಟಲ್ಲ. ನಿಮ್ಮ ಅಸಲಿ ಕ್ಸಿಯಾನ್ ಆರಾಮಾಗಿ ಮುಟ್ಟುತ್ತೆ. ಕೆವಿಎಂ ಬಂದ ಮೇಲೆ ಆಲ್ಮಾ ತಾನಾಗೇ ಏಳುತ್ತೆ.

ಒಂದು ಎಚ್ಚರಿಕೆ. ಇಲ್ಲಿ ಎರಡು ತಲೆಮಾರಿನ ಸಿಪಿಯು ಬೆರಕೆ ಆಗಿದೆ. ಕ್ಸಿಯಾನ್ ವಿ3 ಅಂದ್ರೆ ಹ್ಯಾಸ್ವೆಲ್, ಅದಕ್ಕೆ ಎವಿಎಕ್ಸ್2 (ಒಂದು ಸೂಚನಾ ಗುಂಪು) ಇದೆ. ವಿ2 ಅಂದ್ರೆ ಐವಿ ಬ್ರಿಡ್ಜ್, ಅದಕ್ಕಿಲ್ಲ. ಕೆವಿಎಂನಲ್ಲಿ ನೋವಾದ ಡೀಫಾಲ್ಟ್ ‘ಹೋಸ್ಟ್-ಮಾಡೆಲ್’. ಹಾಗಾಗಿ ಮೂರನೇ ಸರ್ವರ್‌ನಲ್ಲಿ ಹುಟ್ಟಿದ ವಿಎಂ ಲೈವ್ ಮೈಗ್ರೇಶನ್ (ಓಡ್ತಿರುವಾಗಲೇ ಸ್ಥಳಾಂತರ) ಆಗಿ ಮೊದಲೆರಡಕ್ಕೆ ಹೋಗಲ್ಲ. ಇಟಿಸಿಯ ಕೊಲ್ಲಾ ಫೋಲ್ಡರ್ ಒಳಗಿನ ಕಾನ್ಫಿಗ್ ಫೋಲ್ಡರ್‌ನಲ್ಲಿ ನೋವಾ ಕಾನ್ಫ್ ಫೈಲ್ ಇಟ್ಟು, ಲಿಬ್‌ವರ್ಟ್ ವಿಭಾಗದಲ್ಲಿ ಸಿಪಿಯು ಮೋಡ್ ‘ಕಸ್ಟಮ್’, ಸಿಪಿಯು ಮಾಡೆಲ್ಸ್ ‘ಐವಿಬ್ರಿಡ್ಜ್’ ಅಂತ ಕೊಡಿ. ಈಗಾಗಲೇ ಓಡ್ತಿರೋ ವಿಎಂಗಳಿಗೆ ಹಾರ್ಡ್ ರೀಬೂಟ್ ಮಾಡೋವರೆಗೂ ಇದು ತಾಗಲ್ಲ. ಹಾಗೆಯೇ, ರೆಡ್‌ಹ್ಯಾಟ್ 10 ಎಕ್ಸ್86-64-ವಿ3 ಮಟ್ಟ ಕೇಳುತ್ತೆ. ಆಲ್ಮಾ 10 ಬೇಕಾದರೆ ಅವರು ಬೇರೆಯಾಗಿ ಕೊಡೋ ವಿ2 ಇಮೇಜೇ ತಗೊಳ್ಳಿ.

(ಕಮಾಂಡ್‌ಗಳನ್ನು ಓದೋ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಲ್ಲೇ!)

---

ಕೆಂಪುಮಣ್ಣು, ತೀರ್ಥಹಳ್ಳಿ

ನೆಟ್‌ವರ್ಕ್ ಭಾಗ ನಾನು ಹೇಳ್ತೇನೆ. ಡಿಎಚ್‌ಸಿಪಿ ಆಫ್ ಮಾಡಿದ್ದು ಒಂದೇ ತಪ್ಪು, ಅದರಿಂದ ಎರಡು ತೊಂದರೆ ಹುಟ್ಟಿದೆ.

ಓಪನ್‌ಸ್ಟ್ಯಾಕ್‌ನ ಡಿಎಚ್‌ಸಿಪಿ ಮನೆಯ ರೂಟರ್ ಥರ ಸಿಕ್ಕಿದ ಐಪಿ ಹಂಚಲ್ಲ. ನ್ಯೂಟ್ರಾನ್ (ನೆಟ್‌ವರ್ಕ್ ನೋಡಿಕೊಳ್ಳೋ ಭಾಗ) ವಿಎಂನ ಪ್ರತಿ ನೆಟ್‌ವರ್ಕ್ ಪೋರ್ಟ್‌ಗೆ ಒಂದು ಐಪಿ ಬರೆದಿಟ್ಟುಕೊಂಡಿರುತ್ತೆ, ವಿಎಂ ಎಷ್ಟು ಸಲ ರೀಬೂಟ್ ಆದರೂ ಅದನ್ನೇ ಕೊಡುತ್ತೆ. ಅಂದ್ರೆ ನಿಮಗೆ ಬೇಕಾದ ‘ಬದಲಾಗದ ಐಪಿ’ ಮೊದಲೇ ಇತ್ತು. ಇಂಥದ್ದೇ ಐಪಿ ಬೇಕು ಅಂತಿದ್ದರೆ ‘ಪೋರ್ಟ್ ಕ್ರಿಯೇಟ್’ ಮಾಡುವಾಗ ಫಿಕ್ಸ್ಡ್ ಐಪಿ ಕೊಟ್ಟು, ಆ ಪೋರ್ಟ್ ಮೇಲೆ ವಿಎಂ ಹುಟ್ಟಿಸಿ. ಒಳಗೆ ಕೂತು ಬೇರೆ ಐಪಿ ಬರೆದರೆ ಪೋರ್ಟ್ ಸೆಕ್ಯುರಿಟಿ ಅದನ್ನು ಕಳ್ಳ ಪ್ಯಾಕೆಟ್ ಅಂತ ಬಿಸಾಡುತ್ತೆ, ಲಾಗ್‌ನಲ್ಲಿ ಒಂದು ಸಾಲೂ ಸಿಗಲ್ಲ.

ಈಗ ‘ಪರ್ಮಿಷನ್ ಡಿನೈಡ್’. ಕ್ಲೌಡ್ ಇಮೇಜ್‌ನಲ್ಲಿ ನಿಮ್ಮ ಕೀ ಮೊದಲೇ ಇರಲ್ಲ. ಮೊದಲ ಬೂಟ್‌ನಲ್ಲಿ ಕ್ಲೌಡ್-ಇನಿಟ್ (ವಿಎಂ ಒಳಗೆ ಮೊದಲ ಹೊಂದಿಕೆ ಮಾಡೋ ಪ್ರೋಗ್ರಾಂ) 169.254.169.254 ಅನ್ನೋ ವಿಳಾಸಕ್ಕೆ ಹೋಗಿ ಕೀ, ಹೋಸ್ಟ್‌ನೇಮ್ ತರುತ್ತೆ. ಡಿಎಚ್‌ಸಿಪಿ ಇಲ್ಲ ಅಂದ್ರೆ ಆ ಹೊತ್ತಿಗೆ ವಿಎಂಗೆ ಐಪಿಯೇ ಇಲ್ಲ, ಕೀ ಎಲ್ಲಿಂದ ಬರಬೇಕು? ಕನ್ಸೋಲ್ ಲಾಗ್‌ನಲ್ಲಿ ಆ ವಿಳಾಸ ಹುಡುಕಿ, ‘ಫೇಲ್ಡ್’ ಸಾಲುಗಳ ಮೆರವಣಿಗೆ ಕಾಣುತ್ತೆ. ನೀವು ಆಮೇಲೆ ಐಪಿ ಕೊಡೋ ಹೊತ್ತಿಗೆ ಕ್ಲೌಡ್-ಇನಿಟ್ ಕೈಚೆಲ್ಲಿ ಕೂತಿರುತ್ತೆ.

ಡಿಎಚ್‌ಸಿಪಿ ಆನ್ ಮಾಡಿ, ವಿಎಂ ಹೊಸದಾಗಿ ಹುಟ್ಟಿಸಿ. ಆಗಲೂ ಬರದಿದ್ದರೆ ‘ಕಾನ್ಫಿಗ್ ಡ್ರೈವ್ ಟ್ರೂ’ (ಕೀಯನ್ನು ನೆಟ್‌ವರ್ಕ್ ಬದಲು ಸಣ್ಣ ಡಿಸ್ಕ್‌ನಲ್ಲಿ ಕೊಡೋದು) ಕೊಟ್ಟು ಒಂದು ವಿಎಂ ಮಾಡಿ. ಅದರಲ್ಲಿ ಕೀ ಬಂದು ಮಾಮೂಲಿಯಲ್ಲಿ ಬರದಿದ್ದರೆ ತಪ್ಪು ಇರೋದು ಮೆಟಾಡೇಟಾದ (ಆ 169.254 ವಿಳಾಸದ) ದಾರಿಯಲ್ಲಿ, ಇಮೇಜ್ ಸರಿ ಇದೆ. ಬಳಕೆದಾರರ ಹೆಸರೂ ನೋಡಿಕೊಳ್ಳಿ: ಉಬುಂಟುಗೆ ‘ಉಬುಂಟು’, ಆಲ್ಮಾಗೆ ‘ಆಲ್ಮಾಲಿನಕ್ಸ್’, ಡೆಬಿಯನ್‌ಗೆ ‘ಡೆಬಿಯನ್’. ರೂಟ್ ಅಂತ ಹೋದರೆ ಯಾವುದೂ ಒಳಗೆ ಬಿಡಲ್ಲ.

ಪರದೆ ನಿಲ್ಲೋದಕ್ಕೆ ಕಾರಣ ಎಂಟಿಯು, ಅಂದ್ರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ವಿಎಂ ಪ್ಯಾಕೆಟ್ ಹೋಗೋದು ವಿಎಕ್ಸ್‌ಲ್ಯಾನ್ ಲಕೋಟೆಯೊಳಗೆ. ಲಕೋಟೆಗೇ 50 ಬೈಟ್ ಬೇಕು. ನಿಮ್ಮ ತಂತಿ 1500 ಆದ್ದರಿಂದ ವಿಎಂಗೆ ಉಳಿಯೋದು 1450. ಡಿಎಚ್‌ಸಿಪಿ ಇದ್ದಿದ್ದರೆ ಈ ಲೆಕ್ಕವನ್ನು ಅದೇ ವಿಎಂಗೆ ಹೇಳ್ತಿತ್ತು. ಕೈಯಾರೆ ಐಪಿ ಕೊಟ್ಟ ವಿಎಂ 1500 ಅಂತಲೇ ನಂಬಿಕೊಂಡಿದೆ. ಪಿಂಗ್ ಪ್ಯಾಕೆಟ್ ಸಣ್ಣದು, ನುಸುಳಿ ಹೋಗುತ್ತೆ. ಲಾಗ್ ಫೈಲ್ ತೆರೆದಾಗ ತುಂಬಿದ ಪ್ಯಾಕೆಟ್ ಹೊರಡುತ್ತೆ, ಗೇಟಲ್ಲೇ ಬೀಳುತ್ತೆ.

ಖಚಿತ ಮಾಡಿಕೊಳ್ಳೋಕೆ: ವಿಎಂ ಒಳಗಿಂದ ಪಿಂಗ್‌ಗೆ ‘ಮೈನಸ್ ದೊಡ್ಡ ಎಂ ಡು, ಮೈನಸ್ ಎಸ್ 1422’ ಕೊಟ್ಟು ಇನ್ನೊಂದು ಸರ್ವರ್‌ನ ವಿಎಂಗೆ ಹೊಡೀರಿ. 1422ಕ್ಕೆ ಹೆಡರ್‌ನ 28 ಸೇರಿದರೆ 1450. ಇದು ಹೋಗಬೇಕು, 1423 ಹೋಗಬಾರದು. ಮುಂದೆ ಓವಿಎನ್‌ಗೆ (ನ್ಯೂಟ್ರಾನ್‌ನ ಇನ್ನೊಂದು ನೆಟ್‌ವರ್ಕ್ ವಿಧಾನ) ಬದಲಾದರೆ ಅಲ್ಲಿರೋದು ಜೆನೀವ್ ಲಕೋಟೆ, 58 ಬೈಟ್. ವಿಎಂ ಎಂಟಿಯು 1442, ಪರೀಕ್ಷೆಯ ಸಂಖ್ಯೆ 1414.

ಇನ್ನು ನೀವು ಕೇಳದೇ ಇರೋದು, ಆದರೆ ಮುಂದೆ ಸಿಕ್ಕಿಹಾಕಿಕೊಳ್ಳೋದು. ಎರಡನೇ ಪೋರ್ಟ್, ಅಂದ್ರೆ ನ್ಯೂಟ್ರಾನ್‌ನ ಎಕ್ಸ್‌ಟರ್ನಲ್ ಇಂಟರ್‌ಫೇಸ್‌ಗೆ ಹೋಸ್ಟ್‌ನಲ್ಲಿ ಐಪಿ ಇರಬಾರದು, ಲಿಂಕ್ ಮಾತ್ರ ಮೇಲಿರಬೇಕು. ಫ್ಲೋಟಿಂಗ್ ಐಪಿ (ಹೊರಗಿಂದ ವಿಎಂ ತಲುಪೋ ವಿಳಾಸ) ಸಾಲು ಕಾಲೇಜು ರೂಟರ್‌ನ ಡಿಎಚ್‌ಸಿಪಿ ಸಾಲಿಗೆ ತಾಗಬಾರದು. ಉದಾಹರಣೆಗೆ ರೂಟರ್ 192.168.10.50ರಿಂದ 149ರವರೆಗೆ ಹಂಚುತ್ತಿದ್ದರೆ ಫ್ಲೋಟಿಂಗ್‌ಗೆ 200ರಿಂದ 239 ಇಡಿ. ತಾಗಿದರೆ ಯಾರದೋ ಮೊಬೈಲ್ ವೈಫೈಗೆ ಬಂದಾಗಲೆಲ್ಲ ಯಾರದೋ ವಿಎಂ ಮಾಯ ಆಗುತ್ತೆ, ಅದನ್ನು ಹಿಡಿಯೋದು ಬಹಳ ಕಷ್ಟ.

ಡೀಫಾಲ್ಟ್ ಸೆಕ್ಯುರಿಟಿ ಗ್ರೂಪ್ (ವಿಎಂನ ಫೈರ್‌ವಾಲ್) ಹೊರಗಿಂದ ಏನನ್ನೂ ಬಿಡಲ್ಲ. ನಿಮಗೆ ಪಿಂಗ್ ಹೋಗ್ತಿದೆ ಅಂದ್ರೆ ಐಸಿಎಂಪಿ (ಪಿಂಗ್), 22 (ಎಸ್‌ಎಸ್‌ಎಚ್) ತೆರೆದಿದ್ದೀರಿ ಅನ್ಸುತ್ತೆ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಅದನ್ನೇ ಮಾಡಬೇಕು, ಗ್ರೂಪ್ ಪ್ರಾಜೆಕ್ಟ್‌ಗೊಂದು.

---

ಅಡಿಕೆಚಪ್ಪರ, ಹೊಸನಗರ

ಏಳನೇ ವಿಎಂ ಯಾಕೆ ಆಗಲ್ಲ ಅನ್ನೋದಕ್ಕೆ ರ‍್ಯಾಮ್ ನೋಡಬೇಡಿ, ಡಿಸ್ಕ್ ನೋಡಿ. ಕೊಲ್ಲಾದ ಇನಿಟ್-ರನ್‌ಒನ್ಸ್ ಸ್ಕ್ರಿಪ್ಟ್ ಮಾಡಿಕೊಡೋ ಎಂ1.ಮೀಡಿಯಂ ಅಂದ್ರೆ 2 ವಿಸಿಪಿಯು, 4 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್. ಸರ್ವರ್‌ಗೆ ಎರಡರಂತೆ ಆರಕ್ಕೆ ನಿಂತಿದೆ, ಅಂದ್ರೆ ಒಂದೊಂದರಲ್ಲೂ ನೋವಾಗೆ ಕಾಣ್ತಿರೋದು 80ಕ್ಕಿಂತ ಹೆಚ್ಚು, 120ಕ್ಕಿಂತ ಕಮ್ಮಿ. 480 ಜಿಬಿ ಎಸ್‌ಎಸ್‌ಡಿ ಎಲ್ಲಿ ಹೋಯ್ತು?

ಉಬುಂಟು ಸರ್ವರ್ ಇನ್‌ಸ್ಟಾಲರ್ ಹತ್ರ ಹೋಯ್ತು. ಎಲ್‌ವಿಎಂ (ಡಿಸ್ಕ್ ಹಂಚಿಕೆ ವ್ಯವಸ್ಥೆ) ಆಯ್ಕೆಯನ್ನು ಹಾಗೇ ಒಪ್ಪಿಕೊಂಡರೆ ದೊಡ್ಡ ಡಿಸ್ಕ್‌ನಲ್ಲೂ ರೂಟ್‌ಗೆ 100 ಜಿಬಿ ಕೊಟ್ಟು ಮಿಕ್ಕಿದ್ದನ್ನು ಖಾಲಿ ಬಿಡುತ್ತೆ. ವಿಎಂ ಡಿಸ್ಕ್‌ಗಳೆಲ್ಲ ಡಾಕರ್ ವಾಲ್ಯೂಮ್ ಒಳಗೆ, ಅಂದ್ರೆ ಅದೇ ರೂಟ್‌ನಲ್ಲಿ ಕೂರುತ್ತವೆ. ‘ಡಿಎಫ್ ಮೈನಸ್ ಎಚ್’ ಮತ್ತು ‘ವಿಜಿಎಸ್’ ಕೊಟ್ಟರೆ ಕಾಣುತ್ತೆ. ‘ಎಲ್‌ವಿ-ಎಕ್ಸ್‌ಟೆಂಡ್’ಗೆ ‘ಮೈನಸ್ ಆರ್’ ಹಾಗೂ ‘ಮೈನಸ್ ಎಲ್ ಪ್ಲಸ್ 100 ಪರ್ಸೆಂಟ್ ಫ್ರೀ’ ಕೊಟ್ಟು ಉಬುಂಟು-ಎಲ್‌ವಿ ಹಿಗ್ಗಿಸಿ. ಸರ್ವರ್ ನಿಲ್ಲಿಸೋದು ಬೇಡ. ಒಂದೆರಡು ನಿಮಿಷದಲ್ಲಿ ಪ್ಲೇಸ್‌ಮೆಂಟ್‌ಗೆ (ಎಲ್ಲಿ ಎಷ್ಟು ಜಾಗ ಇದೆ ಅಂತ ಲೆಕ್ಕ ಇಡೋ ಭಾಗ) ಹೊಸ ಲೆಕ್ಕ ಹೋಗುತ್ತೆ. ಸ್ವಲ್ಪ ಜಾಗ ಖಾಲಿ ಇಟ್ಟುಕೊಂಡರೂ ಒಳ್ಳೇದೇ, ಎಲ್‌ವಿಎಂ ಸ್ನ್ಯಾಪ್‌ಶಾಟ್‌ಗೆ ಆಗುತ್ತೆ.

ರ‍್ಯಾಮ್ ‘ಬೇಕಾದಷ್ಟಿದೆ’ ಅನ್ನೋದೂ ಅರ್ಧ ಸತ್ಯ. ಕಂಟ್ರೋಲರ್ ಮತ್ತು ಕಂಪ್ಯೂಟ್ ಒಂದೇ ಸರ್ವರ್‌ನಲ್ಲಿದ್ದಾಗ ಮರಿಯಾಡಿಬಿ (ಡೇಟಾಬೇಸ್), ರ‍್ಯಾಬಿಟ್‌ಎಂಕ್ಯೂ (ಭಾಗಗಳ ನಡುವೆ ಸಂದೇಶ ಸಾಗಿಸೋದು), ಎಪಿಐ ಪ್ರೊಸೆಸ್‌ಗಳು ಎಲ್ಲಾ ಅಲ್ಲೇ ತಿನ್ನುತ್ತವೆ. ನೋವಾ ಹೋಸ್ಟ್‌ಗೆ ಅಂತ ತೆಗೆದಿಡೋದು ಡೀಫಾಲ್ಟ್ 512 ಎಂಬಿ. ಇಷ್ಟರಲ್ಲಿ ನಡೆಸಿದರೆ ವಿಎಂಗಳು ತುಂಬಿದ ದಿನ ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಸಾಲದಾಗ ಪ್ರೊಸೆಸ್ ಕೊಲ್ಲೋದು) ಡೇಟಾಬೇಸ್‌ನ ಕತ್ತು ಹಿಡಿಯುತ್ತೆ. ‘ರಿಸರ್ವ್ಡ್ ಹೋಸ್ಟ್ ಮೆಮೊರಿ ಎಂಬಿ’ ಅನ್ನು 16384 ಮಾಡಿ.

ಹಂಗಾರೆ ಲೆಕ್ಕ ಹೀಗೆ. ರ‍್ಯಾಮ್ 48 ಇಂಟು 3, 144 ಜಿಬಿ. ಡಿಸ್ಕ್ ಸರ್ವರ್‌ಗೆ 430ರ ಆಸುಪಾಸು. ಥ್ರೆಡ್ 32, 32, 40, ಒಟ್ಟು 104. ನಿಮ್ಮದೇ ಒಂದು ಫ್ಲೇವರ್ ಮಾಡಿ: 2 ವಿಸಿಪಿಯು, 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್. 40 ಜನಕ್ಕೆ 80 ವಿಸಿಪಿಯು, 80 ಜಿಬಿ, 800 ಜಿಬಿ. ಒಂದು ಸರ್ವರ್ ಮಲಗಿದರೂ ಮಿಕ್ಕೆರಡರಲ್ಲಿ 96 ಜಿಬಿ ರ‍್ಯಾಮ್, 860 ಜಿಬಿ ಡಿಸ್ಕ್ ಇರೋದರಿಂದ ಹೊಸದಾಗಿ ಹುಟ್ಟಿಸೋಕೆ ಜಾಗ ಇದೆ. ಆದರೆ ಮಲಗಿದ ಸರ್ವರ್‌ನೊಳಗಿನ ವಿಎಂ ಡಿಸ್ಕ್ ಅಲ್ಲೇ ಉಳೀತು ಅನ್ನೋದು ನೆನಪಿರಲಿ. ಹಂಚಿಕೊಂಡ ಸ್ಟೋರೇಜ್ ಇಲ್ಲದೆ ‘ಇವ್ಯಾಕ್ಯುಯೇಟ್’ ಮಾಡಿದರೆ ಇಮೇಜ್‌ನಿಂದ ಹೊಸ ಡಿಸ್ಕ್ ಬರುತ್ತೆ, ವಿದ್ಯಾರ್ಥಿ ಬರೆದ ಕೋಡ್ ಬರಲ್ಲ. ಸೆಫ್ (ಹಂಚಿಕೊಂಡ ಸ್ಟೋರೇಜ್) ಹಾಕೋಣ ಅನ್ನಿಸಬಹುದು. 1 ಗಿಗಾಬಿಟ್ ತಂತಿಯ ಮೇಲೆ ಬೇಡ.

ಕೋಟಾ ಬೇರೆ ವಿಷಯ. ಪ್ರಾಜೆಕ್ಟ್‌ಗೆ ಡೀಫಾಲ್ಟ್ 10 ವಿಎಂ, 20 ಕೋರ್. ಅದು ಮೀರಿದರೆ ‘ಕೋಟಾ ಎಕ್ಸೀಡೆಡ್’ ಅಂತ ನೇರವಾಗಿ ಬೈಯುತ್ತೆ, ‘ನೋ ವ್ಯಾಲಿಡ್ ಹೋಸ್ಟ್’ ಅನ್ನಲ್ಲ.

---

ಬಿಸಿಕಾಫಿ, ಶಿವಮೊಗ್ಗ

ಸರ್, ಮೂರೇ ಸರ್ವರ್‌ಗೆ ಇಷ್ಟೆಲ್ಲಾ ಯಾಕೆ? ಪ್ರಾಕ್ಸ್‌ಮಾಕ್ಸ್ (ವಿಎಂ ನಡೆಸೋ ಇನ್ನೊಂದು ಸಾಫ್ಟ್‌ವೇರ್) ಹಾಕಿ. ಒಂದು ಐಎಸ್‌ಓ, ಬ್ರೌಸರ್‌ನಲ್ಲಿ 8006, ಮೂರು ನೋಡ್ ಆದ್ದರಿಂದ ಕೋರಂಗೂ (ಬಹುಮತಕ್ಕೂ) ತೊಂದರೆ ಇಲ್ಲ. ಕ್ಲೌಡ್ ಇಮೇಜ್ ತಂದು ಟೆಂಪ್ಲೇಟ್ ಮಾಡಿ, 40 ಲಿಂಕ್ಡ್ ಕ್ಲೋನ್ ಎಳೀರಿ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗೀತು. ಗ್ಯಾಲೆರಾ (ಮರಿಯಾಡಿಬಿಯ ಕ್ಲಸ್ಟರ್), ರ‍್ಯಾಬಿಟ್ ಯಾವುದರ ಕಾಟವೂ ಇಲ್ಲ.

---

ಕೆಂಪುಮಣ್ಣು, ತೀರ್ಥಹಳ್ಳಿ

@ಬಿಸಿಕಾಫಿ ಕಾಲೇಜು ಆಫೀಸಿನ ನಾಲ್ಕು ವಿಎಂ ನಡೆಸೋಕಾದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಅವರು ಕೇಳಿರೋದು ವಿದ್ಯಾರ್ಥಿಯೇ ಲಾಗಿನ್ ಆಗಿ ವಿಎಂ ಹುಟ್ಟಿಸೋದು, ಅಳಿಸೋದು; ಅದರ ಜೊತೆ ತನ್ನ ನೆಟ್‌ವರ್ಕ್, ರೂಟರ್, ಸೆಕ್ಯುರಿಟಿ ಗ್ರೂಪ್ ಹುಟ್ಟಿಸಿ, ಕೋಟಾದೊಳಗೆ ಆಡೋದೂ ಬರುತ್ತೆ. ಅದನ್ನು ಪ್ರಾಕ್ಸ್‌ಮಾಕ್ಸ್‌ನಲ್ಲಿ ಕೈಯಿಂದ ಹೊಂದಿಸೋದೇ ದೊಡ್ಡ ಕೆಲಸ ಆಗುತ್ತೆ.

---

ಜೋಗದಹಾದಿ, ಸಾಗರ

ಕರೆಂಟ್ ವಿಷಯ ಉಳೀತು. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಮುಖ್ಯ ಪರೀಕ್ಷೆ.

ಮೂರೂ ಒಟ್ಟಿಗೆ ಸತ್ತರೆ ಮರಿಯಾಡಿಬಿಯ ಗ್ಯಾಲೆರಾ ಕ್ಲಸ್ಟರ್ ಸಾಮಾನ್ಯವಾಗಿ ತಾನಾಗಿ ಏಳಲ್ಲ, ಏಳಬಾರದು ಕೂಡ. ಕೊನೆಯ ಬರಹ ಯಾರ ಹತ್ರ ಇದೆ ಅಂತ ಗೊತ್ತಿಲ್ಲದೆ ಒಬ್ಬ ಎದ್ದರೆ ಡೇಟಾ ಹೋಗುತ್ತೆ. ಹಾಗಾಗಿ ಮೂವರೂ ‘ನೀ ಮೊದಲು ಏಳು’ ಅಂತ ಕಾಯ್ತಾ ಕೂರ್ತಾರೆ. ಕೀಸ್ಟೋನ್‌ಗೆ (ಲಾಗಿನ್ ನೋಡಿಕೊಳ್ಳೋ ಭಾಗ) ಡೇಟಾಬೇಸ್ ಸಿಗಲ್ಲ, ಅದರ ಹಿಂದೆ ಎಲ್ಲವೂ ಕೆಟ್ಟಂತೆ ಕಾಣುತ್ತೆ. ಕೊಲ್ಲಾದಲ್ಲಿ ಇದಕ್ಕಂತಲೇ ಮರಿಯಾಡಿಬಿ ರಿಕವರಿ ಕಮಾಂಡ್ ಇದೆ. ಮೂರೂ ಸರ್ವರ್ ಎದ್ದು, ಪರಸ್ಪರ ಪಿಂಗ್ ಆಗ್ತಿವೆ ಅಂತ ನೋಡಿಕೊಂಡು ಓಡಿಸಿ. ಅದು ಮೂರರ ಸೀಕ್ವೆನ್ಸ್ ಸಂಖ್ಯೆ ಹೋಲಿಸಿ ಮುಂದಿರೋದನ್ನು ಮೊದಲು ಎಬ್ಬಿಸುತ್ತೆ. ‘ಗ್ರಾಸ್ಟೇಟ್’ ಫೈಲ್ ತೆರೆದು ‘ಸೇಫ್ ಟು ಬೂಟ್‌ಸ್ಟ್ರಾಪ್’ ಅನ್ನು 1 ಮಾಡಿ ಅನ್ನೋ ಸಲಹೆ ಎಲ್ಲೆಡೆ ಸಿಗುತ್ತೆ. ತಪ್ಪು ಸರ್ವರ್‌ನಲ್ಲಿ ಮಾಡಿದರೆ ಹಳೇ ಪ್ರತಿಯೇ ಅಧಿಕೃತ ಆಗಿಬಿಡುತ್ತೆ.

ವಿಎಂಗಳು ಹೋಸ್ಟ್ ಎದ್ದ ಮೇಲೂ ‘ಶಟ್‌ಆಫ್’ನಲ್ಲೇ ಇರುತ್ತವೆ. ಮೊದಲಿನ ಸ್ಥಿತಿಗೆ ತಾವೇ ಬರಬೇಕು ಅಂದ್ರೆ ನೋವಾದಲ್ಲಿ ‘ರೆಸ್ಯೂಮ್ ಗೆಸ್ಟ್ಸ್ ಸ್ಟೇಟ್ ಆನ್ ಹೋಸ್ಟ್ ಬೂಟ್’ ಅನ್ನು ಟ್ರೂ ಮಾಡಿ.

ಎಲ್ಲರೂ ಮರೆಯೋದು ಮದರ್‌ಬೋರ್ಡ್‌ನ ನಾಣ್ಯದ ಬ್ಯಾಟರಿ, ಸಿಆರ್2032. ಇಷ್ಟು ಹಳೇ ಸರ್ವರ್‌ನಲ್ಲಿ ಅದು ಸತ್ತಿರೋ ಸಂಭವ ಜಾಸ್ತಿ. ಪವರ್ ಹೋದರೆ ಗಡಿಯಾರ ಹಳೇ ವರ್ಷಕ್ಕೆ ಹಾರುತ್ತೆ. ಕಂಪ್ಯೂಟ್ ಸರ್ವೀಸ್ 10 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಅಂತ ಬರೆಯುತ್ತೆ, 60 ಸೆಕೆಂಡ್ ಹಳೆಯದಾದರೆ ನೋವಾ ಅದನ್ನು ‘ಡೌನ್’ ಅಂತ ಲೆಕ್ಕ ಹಾಕುತ್ತೆ. ಗಡಿಯಾರ ಎರಡು ನಿಮಿಷ ಹಿಂದಿದ್ದರೂ ಆರೋಗ್ಯವಾಗಿರೋ ಸರ್ವರ್ ಸತ್ತಂತೆ ಕಾಣುತ್ತೆ. ಮೂರನೇ ಸರ್ವರ್‌ನ ಬಯಾಸ್ ರೀಸೆಟ್ ಆಗಿದ್ದಕ್ಕೂ ಇದೇ ಕಾರಣ ಇರಬಹುದು, ಮೊದಲು ಅದನ್ನೇ ಬದಲಿಸಿ. ಮೂರರಲ್ಲೂ ಕ್ರೋನಿ (ಗಡಿಯಾರ ಹೊಂದಿಸೋದು) ಓಡ್ತಿರಲಿ, ಲೈನ್ ಇಲ್ಲದಾಗಲೂ ಒಮ್ಮತ ಇರೋಕೆ ಮೊದಲ ಸರ್ವರನ್ನೇ ಲೋಕಲ್ ಮೂಲ ಮಾಡಿ.

ಯುಪಿಎಸ್ ಆನ್‌ಲೈನ್ ಮಾದರಿಯದೇ ಇರಲಿ, ಮನೆಯ ಇನ್ವರ್ಟರ್ ಬೇಡ. ಯುಎಸ್‌ಬಿ ತಂತಿ ಒಂದು ಸರ್ವರ್‌ಗೆ ಹಾಕಿ, ನಟ್ (ಯುಪಿಎಸ್ ಮೇಲೆ ಕಣ್ಣಿಡೋ ಸಾಫ್ಟ್‌ವೇರ್) ಮಾಸ್ಟರ್ ಅಲ್ಲಿ, ಮಿಕ್ಕೆರಡು ಕ್ಲೈಂಟ್. ಬ್ಯಾಟರಿ ಕಮ್ಮಿ ಆದಾಗ ಮೊದಲು ವಿಎಂಗಳು ನಿಲ್ಲಬೇಕು, ಆಮೇಲೆ ಹೋಸ್ಟ್. ಸ್ವಿಚ್‌ಗೂ ಅದೇ ಯುಪಿಎಸ್‌ನಿಂದ ಕರೆಂಟ್ ಕೊಡಿ. ಸ್ವಿಚ್ ಮೊದಲು ಸತ್ತರೆ ಸರ್ವರ್‌ಗಳು ಒಬ್ಬರಿಗೊಬ್ಬರು ಕಾಣದೆ ಕ್ಲಸ್ಟರ್ ಒಡೆಯುತ್ತೆ, ನಟ್ ಸಂದೇಶವೂ ತಲುಪಲ್ಲ. ಪಕ್ಕದ ಕಟ್ಟಡಕ್ಕೆ ತಾಮ್ರದ ತಂತಿ ಎಳೆದಿದ್ದರೆ ಫೈಬರ್‌ಗೆ ಬದಲಿಸಿ, ಸಿಡಿಲು ಆ ದಾರಿಯಲ್ಲೇ ಬರೋದು.

---

ಅಡಿಕೆಚಪ್ಪರ, ಹೊಸನಗರ

ಪರೀಕ್ಷೆಯ ಕ್ರಮ ನಾನು ಬರೆದುಬಿಡ್ತೇನೆ. ಕೆಳಗಿಂದ ಮೇಲಕ್ಕೆ ಹೋಗಿ, ನಡುವೆ ಹಾರಬೇಡಿ.

‘ಕಂಪ್ಯೂಟ್ ಸರ್ವೀಸ್ ಲಿಸ್ಟ್’, ‘ನೆಟ್‌ವರ್ಕ್ ಏಜೆಂಟ್ ಲಿಸ್ಟ್’ ಎರಡರಲ್ಲೂ ಒಂದಾದರೂ ಡೌನ್ ಇದ್ದರೆ ಮುಂದೆ ಹೋಗೋ ಹಾಗಿಲ್ಲ. ಆಮೇಲೆ ಮೂರು ಸರ್ವರ್‌ಗೆ ಒಂದೊಂದು ಸಿರ್‌ಓಎಸ್. ಶೆಡ್ಯೂಲರ್‌ಗೆ ಬಿಟ್ಟರೆ ಎಲ್ಲವೂ ಒಂದೇ ಕಡೆ ಕೂರಬಹುದು, ಆದ್ದರಿಂದ ಅಡ್ಮಿನ್ ಆಗಿ ಅವೈಲಬಿಲಿಟಿ ಜೋನ್ ಜಾಗದಲ್ಲಿ ‘ನೋವಾ’, ಕೋಲನ್, ಹೋಸ್ಟ್ ಹೆಸರು ಕೊಡಿ. ಮೂರರಿಂದ ಮೂರಕ್ಕೂ ಪಿಂಗ್, ಕೆಂಪುಮಣ್ಣು ಹೇಳಿದ ದೊಡ್ಡ ಪ್ಯಾಕೆಟ್ ಪಿಂಗೂ ಸೇರಿ. ಸಿರ್‌ಓಎಸ್ ಸುಮಾರು 20 ಎಂಬಿ, ಬೇಗ ಏಳುತ್ತೆ; ಆದರೆ ಅದು ಎದ್ದಿತು ಅಂತ ಉಬುಂಟು ಏಳುತ್ತೆ ಅಂದುಕೊಳ್ಳಬೇಡಿ.

ಇದಾದ ಮೇಲೆ ಉಬುಂಟು ವಿಎಂ ಎರಡು, ಬೇರೆಬೇರೆ ಸರ್ವರ್‌ನಲ್ಲಿ. ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯೋದು) ಓಡಿಸಿ. ಗಿಗಾಬಿಟ್ ತಂತಿಗೆ 900 ಮೆಗಾಬಿಟ್‌ನ ಆಸುಪಾಸು ಬರಬೇಕು. 90ರ ಆಸುಪಾಸು ನಿಂತರೆ ಓಪನ್‌ಸ್ಟ್ಯಾಕ್ ಬಿಟ್ಟು ಹೋಸ್ಟ್‌ನಲ್ಲಿ ‘ಇಥ್‌ಟೂಲ್’ ನೋಡಿ, ಸ್ಪೀಡ್ 100 ಅಂತಿರುತ್ತೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಕ್ರಿಂಪ್ ಮಾಡುವಾಗ ಒಂದು ಎಳೆ ಸರಿಯಾಗಿ ಕೂತಿರಲ್ಲ, ಅಷ್ಟೇ.

ಡಿಸ್ಕ್ ವೇಗ ಅಳೆಯೋಕೆ ಎಫ್‌ಐಓ: 4ಕೆ ರ‍್ಯಾಂಡಮ್ ರೈಟ್, ಡೈರೆಕ್ಟ್ 1, ಐಓ ಡೆಪ್ತ್ 32, ಸೈಜ್ 2 ಜಿಬಿ, 60 ಸೆಕೆಂಡ್. ಮೊದಲು ಹೋಸ್ಟ್‌ನಲ್ಲಿ, ಆಮೇಲೆ ವಿಎಂನಲ್ಲಿ, ಆಮೇಲೆ ಒಂದೇ ಸರ್ವರ್‌ನ ಹತ್ತು ವಿಎಂಗಳಲ್ಲಿ ಒಟ್ಟಿಗೆ. ಡೈರೆಕ್ಟ್ ಮರೆತರೆ ಅಳೆಯೋದು ರ‍್ಯಾಮ್‌ನ ವೇಗ. ಹತ್ತು ಒಟ್ಟಿಗೆ ಓಡುವಾಗ ಒಂದು ವಿಎಂ ಒಳಗೆ ‘ಟಾಪ್’ನ ‘ಎಸ್‌ಟಿ’ ಅಂಕಣ ಗಮನಿಸಿ. ಅದು ಏರ್ತಿದ್ದರೆ ಸಿಪಿಯು ಸರದಿ ಸಿಗದೆ ವಿಎಂ ಕಾಯ್ತಿದೆ ಅಂತ ಅರ್ಥ.

ಆಮೇಲೆ ಸಾಮೂಹಿಕ ಹುಟ್ಟು. ‘ಮಿನ್ 20 ಮ್ಯಾಕ್ಸ್ 20’ ಕೊಟ್ಟು ಒಂದೇ ಏಟಿಗೆ ಇಪ್ಪತ್ತು. ಲ್ಯಾಬ್ ಶುರುವಾಗೋ ಬೆಳಗ್ಗೆ ಆಗೋದು ಇದೇ. ಮೊದಲ ಸಲ ಪ್ರತಿ ಸರ್ವರ್ ಗ್ಲಾನ್ಸ್‌ನಿಂದ (ಇಮೇಜ್ ಇಡೋ ಭಾಗ) ಇಮೇಜ್ ಎಳೆದು ‘ಬೇಸ್’ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತೆ, ಹಾಗಾಗಿ ಮೊದಲ ಸುತ್ತು ನಿಧಾನ, ಎರಡನೇ ಸುತ್ತಿನ ಸಮಯವನ್ನೇ ಬರೆದಿಟ್ಟುಕೊಳ್ಳಿ. ಎರಡು ಗಡಿಯಾರ ಇಡಿ: ಬಿಲ್ಡ್‌ನಿಂದ ಆ್ಯಕ್ಟಿವ್‌ವರೆಗೆ ಒಂದು, ಆ್ಯಕ್ಟಿವ್‌ನಿಂದ ಎಸ್‌ಎಸ್‌ಎಚ್ ಒಳಗೆ ಬಿಡೋವರೆಗೆ ಇನ್ನೊಂದು. ಆ್ಯಕ್ಟಿವ್ ಅಂದ್ರೆ ಹೋಸ್ಟ್‌ನಲ್ಲಿ ಕ್ಯೂಇಎಂಯು ಪ್ರೊಸೆಸ್ ಶುರುವಾಯ್ತು ಅಂತ ಮಾತ್ರ. ಒಳಗೆ ಪ್ಯಾನಿಕ್ ಆಗಿ ಬಿದ್ದಿದ್ದರೂ ನೋವಾಗೆ ಗೊತ್ತಾಗಲ್ಲ, ನಿಮ್ಮ ಆಲ್ಮಾದಲ್ಲಿ ಆಗಿದ್ದೂ ಅದೇ. ಎರಡನೇ ಗಡಿಯಾರ ಎಳೆದಾಡಿದರೆ ವಿಎಂ ಒಳಗೆ ‘ಕ್ಲೌಡ್-ಇನಿಟ್ ಅನಲೈಜ್ ಬ್ಲೇಮ್’ ಕೊಡಿ, ಯಾವ ಹಂತ ಎಷ್ಟು ಸೆಕೆಂಡ್ ತಿಂದಿತು ಅಂತ ಸಾಲಾಗಿ ಹೇಳುತ್ತೆ. ಹೆಚ್ಚಿನ ಸಲ ಸಿಕ್ಕಿಬೀಳೋದು ಆಪ್ಟ್ ಅಪ್‌ಡೇಟ್. ಇಪ್ಪತ್ತು ವಿಎಂ ಒಂದೇ ಲೈನ್ ಎಳೆದರೆ ಹಾಗೇ. ಒಂದು ಸಣ್ಣ ವಿಎಂನಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿ (ಪ್ಯಾಕೇಜ್ ಒಮ್ಮೆ ತಂದಿಟ್ಟು ಎಲ್ಲರಿಗೂ ಹಂಚೋದು) ಹಾಕಿ, 3142 ಪೋರ್ಟ್ ತೆರೆದು, ಕ್ಲೌಡ್-ಇನಿಟ್‌ನಲ್ಲೇ ಪ್ರಾಕ್ಸಿ ಸಾಲು ಸೇರಿಸಿ.

ಟೆಂಪೆಸ್ಟ್‌ನ (ಓಪನ್‌ಸ್ಟ್ಯಾಕ್ ಪರೀಕ್ಷಾ ಸಾಧನ) ಸ್ಮೋಕ್ ಪರೀಕ್ಷೆಗಳನ್ನೂ ಒಮ್ಮೆ ಓಡಿಸಬಹುದು. ಎಪಿಐ ಸರಿ ಇದೆಯಾ ಅಂತ ಹೇಳುತ್ತೆ. ನಿಮ್ಮ ತಂತಿ, ಬ್ಯಾಟರಿ ಬಗ್ಗೆ ಏನೂ ಹೇಳಲ್ಲ.

ಕೊನೆಗೆ ಪ್ಲಗ್ ಕೀಳೋದು. ಮೊದಲು ಒಂದು ಸರ್ವರ್: ಮಿಕ್ಕೆರಡರಲ್ಲಿ ಹೊರೈಜನ್ ಎದ್ದಿರಬೇಕು, ಹೊಸ ವಿಎಂ ಹುಟ್ಟಬೇಕು, ವಿಐಪಿ (ಮೂರೂ ಹಂಚಿಕೊಳ್ಳೋ ಐಪಿ) ಇನ್ನೊಂದರ ಮೇಲೆ ಹೋಗಿರಬೇಕು. ವಾಪಸ್ ಬಂದ ಮೇಲೆ ಗ್ಯಾಲೆರಾದಲ್ಲಿ ಕ್ಲಸ್ಟರ್ ಸೈಜ್ 3 ಆಗೋವರೆಗೆ ಎರಡನೆಯದನ್ನು ಮುಟ್ಟಬೇಡಿ. ಇದು ಪಾಸಾದ ಮೇಲೆ ಮೂರನ್ನೂ ಒಟ್ಟಿಗೆ. ರಿಕವರಿಗೆ ಹಿಡಿದ ನಿಮಿಷ ಎಷ್ಟು, ಯಾವ ಕಮಾಂಡ್ ಯಾವ ಕ್ರಮದಲ್ಲಿ ಅಂತ ಕಾಗದದ ಮೇಲೆ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ. ಕ್ಲೌಡ್ ಬಿದ್ದಾಗ ಕ್ಲೌಡ್‌ನಲ್ಲಿಟ್ಟ ಟಿಪ್ಪಣಿ ತೆರೆಯೋಕಾಗಲ್ಲ.

---

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಯಾಸ್‌ನಲ್ಲಿ ವಿಟಿ ಆಫ್ ಇತ್ತು, ಬ್ಯಾಟರಿಯೂ ಸತ್ತಿತ್ತು. ರೂಟ್ ಸರಿಯಾಗಿ 100 ಜಿಬಿ! ಡಿಎಚ್‌ಸಿಪಿ ಆನ್ ಮಾಡಿ ಹೊಸದಾಗಿ ಹುಟ್ಟಿಸಿದ ವಿಎಂಗಳಿಗೆ ಕೀ ಬರ್ತಿದೆ, 1422 ಹೋಗುತ್ತೆ, 1423 ನಿಲ್ಲುತ್ತೆ. ಆಲ್ಮಾ 9 ಎದ್ದಿದೆ. ಐಪರ್ಫ್ ಎರಡನೇ ಸರ್ವರ್‌ಗೆ ಮಾತ್ರ 90ಕ್ಕೆ ನಿಂತಿತ್ತು, ಕೇಬಲ್ ಬದಲಿಸಿದ ಮೇಲೆ 900 ದಾಟಿತು.

ಒಂದೇ ಉಳಿದಿದೆ. ವಿಎಂನಲ್ಲಿ ಆಪ್ಟ್ ಅಪ್‌ಡೇಟ್ ಸಲೀಸು. ಅದೇ ವಿಎಂನ ಡಾಕರ್ ಕಂಟೇನರ್ ಒಳಗೆ ಆಪ್ಟ್ ಅಪ್‌ಡೇಟ್ 0 ಪರ್ಸೆಂಟ್‌ಗೆ ನಿಲ್ಲುತ್ತೆ. ಡಾಕರ್ ಪುಲ್ ಮಾತ್ರ ಆಗುತ್ತೆ. ಇದೇನು?

---

ಕೆಂಪುಮಣ್ಣು, ತೀರ್ಥಹಳ್ಳಿ

ಮತ್ತೆ ಅದೇ ಎಂಟಿಯು, ಒಂದು ಮಹಡಿ ಮೇಲೆ. ಪುಲ್ ಮಾಡೋದು ವಿಎಂನಲ್ಲಿ ಓಡೋ ಡಾಕರ್ ಡೀಮನ್, ಅದಕ್ಕೆ 1450 ಗೊತ್ತು. ಕಂಟೇನರ್‌ಗಳು ಕೂರೋ ಬ್ರಿಡ್ಜ್‌ಗೆ ಡಾಕರ್ ತನ್ನಷ್ಟಕ್ಕೆ 1500 ಹಾಕಿಕೊಳ್ಳುತ್ತೆ. ಇಟಿಸಿ ಡಾಕರ್ ಫೋಲ್ಡರ್‌ನ ಡೀಮನ್ ಜೇಸನ್ ಫೈಲ್‌ನಲ್ಲಿ ‘ಎಂಟಿಯು’ 1450 ಬರೆದು ಡಾಕರ್ ರೀಸ್ಟಾರ್ಟ್ ಮಾಡಿ. ಆದರೆ ಆ ಸಾಲು ಡೀಫಾಲ್ಟ್ ಬ್ರಿಡ್ಜ್‌ಗೆ ಮಾತ್ರ ಅನ್ವಯ. ಡಾಕರ್ ಕಂಪೋಸ್ ಪ್ರತಿ ಪ್ರಾಜೆಕ್ಟ್‌ಗೂ ತನ್ನದೇ ನೆಟ್‌ವರ್ಕ್ ಹುಟ್ಟಿಸುತ್ತೆ, ಅಲ್ಲಿ ಮತ್ತೆ 1500. ಕಂಪೋಸ್ ಫೈಲ್‌ನ ನೆಟ್‌ವರ್ಕ್ಸ್ ವಿಭಾಗದಲ್ಲಿ ಡ್ರೈವರ್ ಆಪ್ಟ್ಸ್ ಕೆಳಗೆ ‘ಕಾಮ್.ಡಾಕರ್.ನೆಟ್‌ವರ್ಕ್.ಡ್ರೈವರ್.ಎಂಟಿಯು’ 1450 ಕೊಟ್ಟು, ಹಳೇ ನೆಟ್‌ವರ್ಕ್ ಅಳಿಸಿ ಮತ್ತೆ ಎಬ್ಬಿಸಿ. ಇರೋ ನೆಟ್‌ವರ್ಕ್‌ಗೆ ಅದು ತಾಗಲ್ಲ. ಡೀಮನ್ ಜೇಸನ್ ಭಾಗವನ್ನು ಕ್ಲೌಡ್-ಇನಿಟ್‌ನ ‘ರೈಟ್ ಫೈಲ್ಸ್’ನಲ್ಲೇ ಹಾಕಿಬಿಡಿ, 40 ಜನಕ್ಕೂ ಒಂದೇ ಸಲ ಆಗುತ್ತೆ.